ನೀನು ಮ್ಯಾಪಲ್ಲಿ ತೋರಿಸಿದ್ಯಲ್ಲ, ಆ ಕೊರಕಲಿಗೆ ಹೋಗಿ ಬಂದ್ವಿ ಕಣೋ

ಲೋ ಗೆಳೆಯಾ,

ಮಂಡಿ ಹೇಗಿದೆ ಈಗ? ಫೋನಲ್ಲೇ ಹೇಳೋಣ ಅಂದ್ಕೊಂಡಿದ್ದೆ, ಆದ್ರೆ ಇದು ಫೋನಲ್ಲಿ ಮುಗಿಯೋ ವಿಷ್ಯ ಅಲ್ಲ, ಅದಕ್ಕೆ ಕೂತು ಬರೀತಿದೀನಿ. ಹೋದ ವರ್ಷ ಒಂದಿನ ಮಧ್ಯರಾತ್ರಿ ಸ್ಯಾಟಲೈಟ್ ಮ್ಯಾಪ್ ಜೂಮ್ ಮಾಡಿ ಮಾಡಿ "ಇಲ್ ನೋಡೋ, ಕೂದಲೆಳೆ ಥರ ಕಪ್ಪು ಗೆರೆ, ಇದು ನೆರಳು, ಒಳಗೆ ಆಳ ಇರ್ಲೇಬೇಕು" ಅಂದಿದ್ಯಲ್ಲ, ಅದೇ ಜಾಗ. ನೀನಂದಿದ್ದು ನಿಜ ಕಣೋ, ಆಳ ಇದೆ. ನೀನು ಕಂಡುಹಿಡಿದ ಜಾಗಕ್ಕೆ ನೀನಿಲ್ದೇ ಹೋಗಿದ್ದು ನಮ್ಮ ನಾಲ್ಕೂ ಜನಕ್ಕೂ ಬೇಜಾರೇ, ಅದಕ್ಕೆ ಒಂದೂ ಬಿಡದಂಗೆ ಹೇಳ್ತೀನಿ.

ಬೆಳಕು ಹರಿಯೋ ಹೊತ್ತಿಗೆ ಕೊರಕಲಿನ ಬಾಯಲ್ಲಿದ್ವಿ. ದಾರಿ ಅಂತ ಏನೂ ಇಲ್ಲ, ಒಂದು ಹೆಜ್ಜೆ ಗುರುತೂ ಇರ್ಲಿಲ್ಲ, ಒಣಗಿದ ಹಳ್ಳದ ಮರಳು ಅಷ್ಟೇ, ಅದರ ಮೇಲೆ ಕೆಸರು ಒಣಗಿ ಹಪ್ಪಳದ ಥರ ಸುರುಳಿ ಸುತ್ತಿಕೊಂಡಿತ್ತು, ಕಾಲಿಟ್ರೆ ಪಟಪಟ ಅನ್ನೋದು. ತಲೆಗೆ 3 ಲೀಟರ್ ನೀರು, ಹಗ್ಗ, ಟಾರ್ಚು, ವಿಶಲ್ಲು. ನೀನು ಹೇಳಿದ್ಯಲ್ಲ, ಕೆಳಗಿಂದ ಮೇಲಕ್ಕೆ ಹತ್ತಿ, ಮೇಲಿಂದ ಜಾರ್ಕೊಂಡು ಇಳಿಯೋಕ್ ಹೋಗ್ಬೇಡಿ, ಜಾರಿದ ಬಂಡೆನ ವಾಪಸ್ ಹತ್ತೋಕಾಗ್ದೇ ಇದ್ರೆ ಮುಗೀತು ಅಂತ, ಹಂಗೇ ಮಾಡಿದ್ವಿ.

ಮೊದಲ ಅರ್ಧ ಗಂಟೆ ಅಗಲವಾಗೇ ಇದೆ, ಇಪ್ಪತ್ತಡಿ ಇರ್ಬೋದು. ಆಮೇಲೆ ಒಂದು ತಿರುವು ದಾಟಿದ್ ತಕ್ಷಣ ಗೋಡೆಗಳು ಹತ್ರ ಬಂದ್ಬಿಡ್ತವೆ, ತಂಪು, ಮಾತಾಡಿದ್ರೆ ದನಿ ಬೇರೆ ಥರ ಕೇಳ್ಸತ್ತೆ, ಎಲ್ರೂ ತಾವಾಗೇ ಮೆಲ್ಲಗೆ ಮಾತಾಡೋಕೆ ಶುರು ಮಾಡಿದ್ವಿ. ಮರಳುಗಲ್ಲು ಕಣೋ, ಪದರಗಳೆಲ್ಲ ಒಂದೇ ಕಡೆಗೆ ಓರೆಯಾಗಿ ಬಾಗಿವೆ. ಒಂದು ಕಾಲದಲ್ಲಿ ಅದು ಗಾಳಿ ಪೇರಿಸಿದ ಮರಳುದಿಬ್ಬ. ದಿಬ್ಬದ ಗಾಳಿಮರೆಯ ಬದಿಯಲ್ಲಿ ಮರಳು ಸುಮಾರು 30–34 ಡಿಗ್ರಿ ಇಳಿಜಾರಲ್ಲಿ ಜಾರಿ ನಿಲ್ಲತ್ತೆ, ಆ ಓರೆನೇ ಕಲ್ಲಾಗಿ ಉಳ್ಕೊಂಡಿರೋದು. ಯಾವತ್ತೋ ಬೀಸಿದ ಗಾಳಿ ಯಾವ ಕಡೆಯಿಂದ ಬಂತು ಅಂತ ಬೆರಳಿಟ್ಟು ತೋರಿಸ್ಬೋದು, ನಾನು ಅಂಗೈ ಇಟ್ಕೊಂಡು ಸುಮಾರು ಹೊತ್ತು ನಿಂತಿದ್ದೆ.

ಇನ್ನೊಂದು, ಇದನ್ನ ನೀನು ನೋಡ್ಲೇಬೇಕಿತ್ತು. ತಳದ ಬಂಡೆಯಲ್ಲಿ ಒರಳಿನಷ್ಟು ದುಂಡಗಿನ ಒಂದು ಕುಳಿ, ತುಂಬ ತಿಳಿನೀರು. ಮೊಣಕೈವರೆಗೂ ಕೈ ಬಿಟ್ಟೆ, ತಳದಲ್ಲಿ ಒಂದು ಕಲ್ಲು ಸಿಕ್ತು, ಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಎಷ್ಟು ನುಣುಪು ಅಂದ್ರೆ ಒದ್ದೆ ಸೋಪಿನ ಥರ ಕೈಯಿಂದ ಜಾರತ್ತೆ. ಆ ಕುಳಿ ಕೊರೆಯೋದು ಅಂಥ ಕಲ್ಲುಗಳೇ ಕಣೋ, ಪ್ರವಾಹ ಬಂದಾಗ ಸುಳಿಯಲ್ಲಿ ಸಿಕ್ಕಿ ಗರಗರ ತಿರುಗಿ ಬಂಡೆನೂ ಅರೆದು ತಾವೂ ಸವೆದು. ಬರೀ ನೀರಿಗೆ ಅಷ್ಟು ಹಲ್ಲಿಲ್ಲ, ನೀರು ಹೊತ್ಕೊಂಡ್ ಬರೋ ಮರಳಿಗೆ ಕಲ್ಲಿಗೆ ಇರೋದು. ಮನೆಗೆ ತರೋಣ ಅಂತ ಒಬ್ಬ ಅಂದ, ನಾನು ಬೇಡ ಅಂದು ವಾಪಸ್ ಅದೇ ಕುಳಿಗೆ ಹಾಕ್ದೆ, ಅದರ ಕೆಲಸ ಇನ್ನೂ ಮುಗಿದಿಲ್ಲ.

ಅಲ್ಲಿಂದ ಮುಂದೆ ಎರಡಡಿ ಅಗಲ ಅಷ್ಟೇ. ಬ್ಯಾಗ್ ತೆಗೆದು ಕೈಯಲ್ಲಿ ಹಿಡ್ಕೊಂಡು ಅಡ್ಡಡ್ಡ ನಡೀಬೇಕು, ಎದೆಗೂ ಕಲ್ಲು ಬೆನ್ನಿಗೂ ಕಲ್ಲು. ಜಿಪಿಎಸ್ ಅಲ್ಲಿ ಕೈ ಕೊಡ್ತು, ಆಕಾಶನೇ ಕಾಣ್ದಿದ್ರೆ ಸ್ಯಾಟಲೈಟ್ ಎಲ್ಲಿಂದ ಸಿಗ್ಬೇಕು, ನಾವು ಗೋಡೆಯೊಳಗೇ ಓಡಾಡಿದಂಗೆ ಟ್ರ್ಯಾಕ್ ಬಂದಿದೆ. ತಲೆ ಎತ್ತಿದ್ರೆ, ನಮಗಿಂತ ಮೂರಾಳು ಎತ್ತರದಲ್ಲಿ ಒಂದು ಮರದ ದಿಮ್ಮಿ ಎರಡು ಗೋಡೆ ನಡುವೆ ಅಡ್ಡ ಸಿಕ್ಕಾಕ್ಕೊಂಡಿತ್ತು, ಅದಕ್ಕೆ ಒಣಹುಲ್ಲು ಸುತ್ಕೊಂಡಿತ್ತು. ಅದನ್ನ ಅಲ್ಲಿ ಇಟ್ಟಿದ್ದು ನೀರು. ನೀನು ಹೇಳ್ತಿದ್ದ ಆ ಆಂಟಿಲೋಪ್ ಕ್ಯಾನಿಯನ್ ಕಥೆ ಆಗ ನೆನಪಾಯ್ತು, ಅಮೆರಿಕದ ಆರಿಜೋನಾದಲ್ಲಿ, 1997ರ ಆಗಸ್ಟ್ 12, ಹೆಚ್ಚಿನ ಮಳೆ ಸುರಿದಿದ್ದು ಮೈಲಿಗಟ್ಟಲೆ ದೂರ, ನೀರು ಹರಿದು ಬರೋ ಮೇಲ್ಗಡೆ, ಸತ್ತಿದ್ದು ಕೆಳಗೆ ಕೊರಕಲೊಳಗಿದ್ದ 11 ಜನ.

ಅದಕ್ಕೇ ಒಬ್ಬನ್ನ ಮೇಲೆ ಅಂಚಲ್ಲಿ ಬಿಟ್ಟಿದ್ವಿ, ಇಕ್ಕಟ್ಟು ಅಂದ್ರೆ ಅವನಿಗೆ ಆಗಲ್ವಲ್ಲ, ನಾನು ಮೇಲೇ ಬರ್ತೀನಿ ಮೋಡ ನೋಡ್ಕೋತೀನಿ, ಮೂರು ಸಲ ವಿಶಲ್ ಊದಿದ್ರೆ ಪ್ರಶ್ನೆ ಕೇಳ್ದೇ ವಾಪಸ್ ಹೊರಡಿ ಅಂದಿದ್ದ. ಬೆಳಗ್ಗೆ ಹವಾಮಾನ ಮುನ್ಸೂಚನೆ ನೋಡಿದಾಗ ನೀರು ಇಳಿದು ಬರೋ ಇಡೀ ಬೆಟ್ಟಸಾಲಿಗೂ ಮಳೆ ಇಲ್ಲ ಅಂತಿತ್ತು. ಮಧ್ಯಾಹ್ನ ಒಂದೂವರೆಗೆ ನಾವೊಂದು ದೊಡ್ಡ ಸಿಕ್ಕುಬಂಡೆ, ಅಂದ್ರೆ ಎರಡು ಗೋಡೆ ನಡುವೆ ಸಿಕ್ಕಾಕ್ಕೊಂಡಿರೋ ಬಂಡೆ, ಅದರ ಕೆಳಗೆ ನಿಂತು ಹಗ್ಗ ಎಲ್ಲಿ ಕಟ್ಟೋದು ಅಂತ ನೋಡ್ತಿದ್ದಾಗ ಕೇಳ್ಸ್ತು, ಮೂರು ಸಲ. ನಮ್ಮ ತಲೆ ಮೇಲಿನ ಆ ಗೇಣಗಲದ ಆಕಾಶ ಮಾತ್ರ ಅಚ್ಚ ನೀಲಿ. ಇನ್ನೊಂದೇ ಬಂಡೆ, ಹತ್ತಿ ನೋಡ್ಬಿಡೋಣ ಅಂತ ಒಬ್ಬ ಅಂದ. ನಂಗೂ ಅಷ್ಟೇ ಆಸೆ ಇತ್ತು ಕಣೋ, ಸುಳ್ಳು ಹೇಳಲ್ಲ, ಆದ್ರೆ ತಿರುಗಿದ್ವಿ.

ಬಾಯಿಗೆ ಬಂದು ಪಕ್ಕದ ದಿಣ್ಣೆ ಹತ್ತಿ ಕೂತ್ಮೇಲೆ ಕಂಡಿದ್ದು, ದೂರದ ಬೆಟ್ಟದ ಮೇಲೆ ಬೂದು ಪರದೆ ಬಿಟ್ಟಂಗೆ ಮಳೆ. ನಮ್ಮ ಮೇಲೆ ಒಂದು ಹನಿ ಇಲ್ಲ. ಮುಕ್ಕಾಲು ಗಂಟೆ ಆದ್ಮೇಲೆ ಜಲ್ಲಿ ಸುರಿದಂಗೆ ಸದ್ದು ಬಂತು, ಆಮೇಲೆ ತಿರುವಿಂದ ನೀರು, ನೀರಿಗಿಂತ ಮುಂಚೆ ಕಡ್ಡಿ ಎಲೆ ನೊರೆ ಎಲ್ಲ ಒಟ್ಟಾಗಿ ತಳ್ಕೊಂಡು ಬಂತು, ಕಂದು ಬಣ್ಣ, ಆ ಹಪ್ಪಳದ ಕೆಸರನ್ನೆಲ್ಲ ಎತ್ಕೊಂಡು. ಅಲ್ಲಿ ಪಾದ ಮುಳುಗೋಷ್ಟೇ ಇತ್ತು. ಆದ್ರೆ ಅದು ಇಪ್ಪತ್ತಡಿ ಅಗಲದ ಜಾಗ, ಅದೇ ನೀರು ಎರಡಡಿಯಲ್ಲಿ ಎಷ್ಟೆತ್ತರ ಬಂದಿರತ್ತೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ ಸುಮ್ನಾದೆ. ವಿಶಲ್ ಊದಿದವನ ಹೆಗಲ ಮೇಲೆ ಕೈ ಹಾಕ್ಕೊಂಡು ಕೂತಿದ್ವಿ, ಯಾರೂ ಏನೂ ಮಾತಾಡ್ಲಿಲ್ಲ.

ನಿನ್ನ ಗೆರೆಯಲ್ಲಿ ಅರ್ಧ ಹೋಗಿರ್ಬೋದು ಅಷ್ಟೇ. ಸಿಕ್ಕುಬಂಡೆ ಆಚೆ ಗೋಡೆ ಎಡಕ್ಕೆ ತಿರುಗತ್ತೆ, ಅಲ್ಲಿ ಮೇಲಿಂದ ಬಿಸಿಲು ಬಿದ್ದು ಕಲ್ಲೆಲ್ಲ ಕೆಂಡದ ಬಣ್ಣ ಆಗಿತ್ತು, ಅಷ್ಟು ಮಾತ್ರ ಕಂಡಿದ್ದು. ಉಳಿದಿದ್ದನ್ನ ನೀನಿಲ್ದೇ ನೋಡಲ್ಲ ಅಂತ ನಾಲ್ಕೂ ಜನ ಒಪ್ಕೊಂಡಿದೀವಿ. ಡಾಕ್ಟ್ರು ಬೆಟ್ಟ ಹತ್ತೋಕೆ ಯಾವಾಗ ಬಿಡ್ತಾರೆ ಕೇಳಿ ಬರಿ.

ನಿನ್ನವ