ಆರ್‌ಎಕ್ಸ್ 100ರ ಕಾರ್ಬುರೇಟರ್ ಪೈಪ್‌ಗಳನ್ನು ತಪ್ಪಾಗಿ ಜೋಡಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಬೈಕ್ ಸರ್ವೀಸ್ ಸೆಂಟರ್, ಹಾಸನ

ವಿಷಯ: ಪೈಪ್ ಜೋಡಣೆಯ ತಪ್ಪಿನಿಂದ ಇಂಜಿನ್‌ಗೆ ಆಯಿಲ್ ಹೋಗದೆ ಆದ ತೊಂದರೆ

ಮಾನ್ಯರೇ,

ಹೋದ ತಿಂಗಳು 12ನೇ ತಾರೀಕು ನಮ್ಮ ಯಮಹಾ ಆರ್‌ಎಕ್ಸ್ 100 ಗಾಡಿಯನ್ನು ನಿಮ್ಮಲ್ಲಿ ಬಿಟ್ಟಿದ್ದೆ. 1994ರ ಗಾಡಿ, ನಮ್ಮಪ್ಪ ಕೊಂಡದ್ದು. ಕಾರ್ಬುರೇಟರ್ ಕ್ಲೀನ್ ಮಾಡಿ, ಬಿರುಕು ಬಿಟ್ಟಿದ್ದ ಪೈಪ್‌ಗಳನ್ನು ಬದಲಾಯಿಸಿ ಎಂದು ಹೇಳಿದ್ದೆ. ಅಷ್ಟೇ ಕೆಲಸ. 1,850 ರೂಪಾಯಿ ಕಟ್ಟಿ ಗಾಡಿ ತಂದೆ. ಬಿಲ್ಲಿನ ಪ್ರತಿ ಜೊತೆಗಿದೆ.

ಅವತ್ತೇ ತೊಂದರೆ ಶುರುವಾಯಿತು. ಎರಡು ಮೂರು ಕಿಲೋಮೀಟರ್ ಓಡಿ, ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು. ನಿಮ್ಮಲ್ಲಿಗೆ ವಾಪಸ್ ತಂದಾಗ ಒಬ್ಬರು ಏರ್ ಸ್ಕ್ರೂ ತಿರುಗಿಸಿ, "ಹಳೇ ಗಾಡಿ ಸಾರ್, ಹೊಸ ಕಾರ್ಬುರೇಟರ್ ಹಾಕಿಸಿಬಿಡಿ" ಎಂದರು. ಮನೆಗೆ ಬಂದು ಟಾರ್ಚ್ ಹಿಡಿದು ನಾನೇ ನೋಡಿದೆ. ಓವರ್‌ಫ್ಲೋ ಪೈಪನ್ನೂ ಗಾಳಿ ಪೈಪನ್ನೂ ಮಡಚಿ ಪ್ಲಾಸ್ಟಿಕ್ ಟ್ಯಾಗ್ ಬಿಗಿದಿದ್ದರು. ಪೆಟ್ರೋಲ್ ಸೋರದಿರಲಿ ಅಂತ ಇರಬೇಕು. ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿಗೆ ಗಾಳಿ ಆಡದಿದ್ದರೆ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವುದು ಹೇಗೆ? ಓವರ್‌ಫ್ಲೋ ಪೈಪಂತೂ ಇರುವುದೇ ಹೆಚ್ಚಾದ ಪೆಟ್ರೋಲನ್ನು ಹೊರಗೆ ಬಿಡಲು. ಅದನ್ನು ಕಟ್ಟಿದರೆ ಆ ಪೆಟ್ರೋಲ್ ಇಂಜಿನ್ ಒಳಗೇ ನುಗ್ಗುತ್ತದೆ. ಸೋರುತ್ತಿದ್ದರೆ ನೋಡಬೇಕಾದದ್ದು ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವನ್ನು.

ಎರಡೂ ಟ್ಯಾಗ್ ಕತ್ತರಿಸಿದೆ. ಗಾಡಿ ಚೆನ್ನಾಗಿ ಓಡಿತು. ಎಲ್ಲ ಸರಿಯಾಯಿತು ಅಂದುಕೊಂಡು ಭಾನುವಾರ ಬೇಲೂರಿಗೆ ಹೊರಟೆ.

ಹಗರೆ ಹತ್ತಿರ ಬರುವಷ್ಟರಲ್ಲಿ ಗಾಡಿಯ ಎಳೆತ ಕಮ್ಮಿಯಾಯಿತು. ಇಂಜಿನ್‌ನಿಂದ ಒಣ ಸದ್ದು ಬರತೊಡಗಿತು. ಕನ್ನಡಿಯಲ್ಲಿ ನೋಡಿದರೆ, ಆಯಿಲ್ ಉರಿದು ಬರಬೇಕಾದ ಹೊಗೆಯೇ ಇಲ್ಲ. ಎದೆ ಧಸಕ್ ಎಂದಿತು. ಕ್ಲಚ್ ಹಿಡಿದು, ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದೆ. ಆಯಿಲ್ ಪಂಪಿನಿಂದ ಕಾರ್ಬುರೇಟರಿಗೆ ಬರುವ ಸಣ್ಣ ಪೈಪ್, ಅದನ್ನು ಸಿಕ್ಕಿಸುವ ನಿಪ್ಪಲ್‌ನಿಂದ ಕಳಚಿ ನೇತಾಡುತ್ತಿತ್ತು. ಪೆಟ್ರೋಲ್ ಜೊತೆ ಇಂಜಿನ್‌ಗೆ ಹೋಗಬೇಕಾದ ಟೂ-ಟಿ ಆಯಿಲ್ ಎಲ್ಲ ಇಂಜಿನ್ ಕೇಸ್ ಮೇಲೆ ಸುರಿದಿತ್ತು. ನೀವು ಹಾಕಿದ್ದು ದಪ್ಪ ಪೆಟ್ರೋಲ್ ಪೈಪಿನ ತುಂಡು. ಅದು ಆ ಸಣ್ಣ ನಿಪ್ಪಲ್‌ಗೆ ಸಡಿಲ. ಮೇಲೆ ಕ್ಲಿಪ್ಪೂ ಇಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. "ಹೊಗೆ ಬರದಿದ್ದರೆ ಒಳ್ಳೇದೇ ಅಲ್ವಾ ಸಾರ್" ಎಂದರು ನಿಮ್ಮವರು. ಆ ಮಾತು ಕೇಳಿ ನನಗೆ ನಿಜವಾಗಿಯೂ ಬೇಜಾರಾಯಿತು. ಆರ್‌ಎಕ್ಸ್ ಟೂ-ಸ್ಟ್ರೋಕ್ ಗಾಡಿ. ಗೇರ್ ಬಾಕ್ಸಿನ ಆಯಿಲ್ ಅದರ ಪಿಸ್ಟನ್ ತನಕ ಬರುವುದಿಲ್ಲ. ಬೇರೆ ಟ್ಯಾಂಕಿನ ಆಯಿಲನ್ನು ಪಂಪ್ ಈ ಒಂದು ಪೈಪಿನಲ್ಲಿ ಕಳಿಸುತ್ತದೆ. ಆಕ್ಸಿಲರೇಟರ್ ಕೊಟ್ಟಷ್ಟೂ ಜಾಸ್ತಿ ಕಳಿಸುತ್ತದೆ. ಈ ಪೈಪ್ ಕಳಚಿದರೆ ಪಿಸ್ಟನ್ ಸುಮ್ನೆ ಒಣಗಿ ಉಜ್ಜುತ್ತದೆ. ಇನ್ನೊಂದಿಷ್ಟು ದೂರ ಓಡಿಸಿದ್ದರೆ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಸೀಜ್ ಆಗುತ್ತಿತ್ತು. ಓಡುವಾಗ ಸೀಜ್ ಆದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಹಿಂದೆ ನನ್ನ ಮಗಳು ಕೂತಿದ್ದಳು.

ಗಾಡಿಯನ್ನು ಟೆಂಪೋದಲ್ಲಿ ಮನೆಗೆ ತಂದೆ. 900 ರೂಪಾಯಿ ಆಯಿತು. 1996ರಲ್ಲಿ ತಯಾರಿಕೆ ನಿಂತ ಗಾಡಿ ಇದು. ನಮ್ಮದು ಇಲ್ಲಿಯವರೆಗೆ ಒಮ್ಮೆಯೂ ರೀಬೋರ್ (ಸವೆದ ಸಿಲಿಂಡರ್ ಕೊರೆಸುವುದು) ಕಂಡಿಲ್ಲ. ಅಪ್ಪ ಅಷ್ಟು ಜೋಪಾನವಾಗಿ ನೋಡಿಕೊಂಡಿದ್ದರು.

ಹಳೇ ಗಾಡಿಯ ಪೈಪ್‌ಗಳು ನೋಡಲು ಒಂದೇ ಥರ ಇರುತ್ತವೆ, ಒಪ್ಪುತ್ತೇನೆ. ಬಿಚ್ಚುವ ಮೊದಲು ಒಂದೊಂದಕ್ಕೂ ಟೇಪ್ ಅಂಟಿಸಿ ಗುರುತು ಮಾಡಬಹುದಿತ್ತು. ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಬಹುದಿತ್ತು. ಗೊತ್ತಿಲ್ಲ ಅಂದಿದ್ದರೂ ನನಗೆ ಸಿಟ್ಟು ಬರುತ್ತಿರಲಿಲ್ಲ. ನಾನೇ ಬಂದು ತೋರಿಸುತ್ತಿದ್ದೆ.

ನಿಮ್ಮ ಖರ್ಚಿನಲ್ಲಿ ಸಿಲಿಂಡರ್ ಬಿಚ್ಚಿಸಿ, ಪಿಸ್ಟನ್ ಮತ್ತು ಬೋರ್‌ನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ಗೀರು ಬಿದ್ದಿದೆಯೇ ಎಂದು ನನ್ನೆದುರೇ ನೋಡಬೇಕು. ಬಿದ್ದಿದ್ದರೆ ಅದರ ಖರ್ಚೂ ನಿಮ್ಮದೇ. ಸರಿಯಾದ ಅಳತೆಯ ಪಾರದರ್ಶಕ ಆಯಿಲ್ ಪೈಪನ್ನು ಕ್ಲಿಪ್ ಸಮೇತ ಹಾಕಿ, ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಬೇಕು. ಪಂಪ್ ಸರಿಯಾಗಿ ಆಯಿಲ್ ಕೊಡುವುದು ಖಾತ್ರಿಯಾಗುವ ತನಕ ಪೆಟ್ರೋಲಿಗೂ ಸ್ವಲ್ಪ ಟೂ-ಟಿ ಆಯಿಲ್ ಬೆರೆಸಿ ಓಡಿಸಬೇಕು. 1,850 ರೂಪಾಯಿ ಮತ್ತು ಟೆಂಪೋ ಬಾಡಿಗೆ ವಾಪಸ್ ಕೊಡಬೇಕು. ಈ ಕೆಲಸಕ್ಕೆ ಟೂ-ಸ್ಟ್ರೋಕ್ ಬಲ್ಲ ಮೆಕ್ಯಾನಿಕ್ಕನ್ನೇ ಕಳಿಸಿ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕಟ್ಟಿದ ಪೈಪ್‌ಗಳ ಮತ್ತು ಕಳಚಿದ ಆಯಿಲ್ ಪೈಪಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಆ ಪೈಪಿನ ತುಂಡು ನನ್ನ ಬಳಿಯೇ ಇದೆ. ಬೋರ್ ನೋಡುವ ತನಕ ಗಾಡಿಗೆ ಕಿಕ್ ಹೊಡೆಯುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ