ಹಳೆಯ ಹೈಬ್ರಿಡ್ ಕಾರು: ಬ್ಯಾಟರಿಗಿಂತ ಮೊದಲು ವಿಚಾರಿಸಬೇಕಾದ್ದು

ಮಾನ್ಯ ಸಂಪಾದಕರೇ,

ಪೆಟ್ರೋಲು ದರ ನೋಡಿ ನೋಡಿ ಸಾಕಾಗಿ, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಈಗ ಅನೇಕರು ಆಮದಾದ ಹಳೆಯ ಹೈಬ್ರಿಡ್ ಕಾರುಗಳ, ಅಂದರೆ ಪೆಟ್ರೋಲು ಎಂಜಿನ್ನಿನ ಜೊತೆ ವಿದ್ಯುತ್ ಮೋಟರೂ ಇರುವ ಕಾರುಗಳ, ಬೆಲೆ ವಿಚಾರಿಸುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ಬ್ಯಾಟರಿಯನ್ನು. ಬ್ಯಾಟರಿಯಾದರೋ ಅರ್ಧ ಗಂಟೆಯಲ್ಲಿ ಅಳೆದು ನೋಡಬಹುದಾದ ಭಾಗ. ಹಣ ಮುಳುಗುವುದು ಹೆಚ್ಚಾಗಿ ಬೇರೆ ಕಡೆ: ಕಾಗದಪತ್ರದಲ್ಲಿ, ಬ್ರೇಕಿನಲ್ಲಿ, ಎ.ಸಿ.ಯಲ್ಲಿ. ಅವುಗಳನ್ನು ಯಾರೂ ಕೇಳುವುದಿಲ್ಲ, ಮಾರುವವನು ತಾನಾಗಿ ಹೇಳುವುದೂ ಇಲ್ಲ.

ಮೊದಲು ಕಾಗದ. ಗಲ್ಫಿನ ಕಾರುಗಳು ಎಡಗಡೆ ಸ್ಟಿಯರಿಂಗಿನವು. ಬಳಸಿದ ಕಾರನ್ನು ನಮ್ಮ ದೇಶಕ್ಕೆ ಆಮದು ಮಾಡಬೇಕಾದರೆ ಸ್ಟಿಯರಿಂಗ್ ಬಲಗಡೆ ಇರಬೇಕು, ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು. ಇವೆರಡೂ ಸರಿಯಿದ್ದರೂ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ‘ದುಬೈಯಿಂದ ತರಿಸಿದ್ದು’ ಎಂದು ಹೇಳಿ ಯಾರಾದರೂ ಹೈಬ್ರಿಡ್ ಕಾರನ್ನು ಅಗ್ಗಕ್ಕೆ ತೋರಿಸಿದರೆ ಮಾತು ಮುಂದುವರಿಸಬೇಡಿ. ಗಲ್ಫ್ ನಂಬರಿನ ಕಾರುಗಳು ನಮ್ಮ ರಸ್ತೆಯಲ್ಲಿ ಕಾಣುವುದುಂಟು. ಅವು ಕಾರ್ನೆ ಎಂಬ ತಾತ್ಕಾಲಿಕ ದಾಖಲೆಯ ಮೇಲೆ ಬಂದು, ಅವಧಿ ಮುಗಿಯುವ ಮೊದಲು ಮರಳಿ ಹೋಗಬೇಕಾದವು. ಮಾರುವಂತಿಲ್ಲ. ಜಪಾನಿನ ಹರಾಜಿನಲ್ಲಿ ಟೊಯೊಟಾ ಆಕ್ವಾ ಇಷ್ಟು ಅಗ್ಗ ಎಂದು ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳು ಬೇರೆ ದೇಶದ ಗಿರಾಕಿಗಳಿಗೆ ಮಾಡಿದವು. 2025ರ ಸೆಪ್ಟೆಂಬರಿನಲ್ಲಿ ಭೂತಾನಿನ ದಾರಿಯಾಗಿ ನುಸುಳಿದ ಕಾರುಗಳಿಗಾಗಿ ಕಸ್ಟಮ್ಸ್ ಇಲಾಖೆ ಕೇರಳದ ಉದ್ದಗಲಕ್ಕೆ ಹುಡುಕಾಟ ನಡೆಸಿದ್ದು ಎಲ್ಲರಿಗೂ ನೆನಪಿರಬಹುದು. ಸುಂಕ ಕಟ್ಟದ ಕಾರನ್ನು ತಿಳಿಯದೆ ಕೊಂಡವನ ಅಂಗಳದಿಂದಲೂ ಎತ್ತಿಕೊಂಡು ಹೋಗಬಹುದು. ಕೊಟ್ಟ ಹಣಕ್ಕೆ ಆಮೇಲೆ ಬ್ರೋಕರನ ಬೆನ್ನು ಹತ್ತಬೇಕಾದವರು ನೀವೇ.

ಹಾಗಾದರೆ ನ್ಯಾಯವಾಗಿ ಸಿಗುವ ಆಮದು ಹೈಬ್ರಿಡ್‌ಗಳು ಯಾವುವು? ಕಂಪನಿಗಳೇ ಹೊಸದಾಗಿ ತರಿಸಿ ಇಲ್ಲಿನ ಶೋರೂಮಿನಲ್ಲಿ ಮಾರಿದವು: 2008ರ ಹೋಂಡಾ ಸಿವಿಕ್ ಹೈಬ್ರಿಡ್, 2010ರಿಂದ ಬಂದ ಟೊಯೊಟಾ ಪ್ರಿಯಸ್, 2016ರ ಹೋಂಡಾ ಅಕಾರ್ಡ್ ಹೈಬ್ರಿಡ್, 2017ರಿಂದ ಬಂದ ಲೆಕ್ಸಸ್‌ಗಳಲ್ಲಿ ಹೊರಗಿನಿಂದ ತರಿಸಿದವು. ಚಾಸಿ ನಂಬರಿನ ಮೊದಲ ಅಕ್ಷರಗಳನ್ನು ನೋಡಿ. ‘ಜೆ’ ಇದ್ದರೆ ಜಪಾನಿನಲ್ಲಿ ತಯಾರಾದದ್ದು, ‘ಎಂಆರ್’ ಇದ್ದರೆ ಥಾಯ್ಲೆಂಡಿನದ್ದು. ಆರ್‌ಸಿಯಲ್ಲಿ, ಬಾನೆಟ್ಟಿನೊಳಗಿನ ತಗಡಿನಲ್ಲಿ, ಬಾಡಿಯ ಮೇಲೆ ಕೆತ್ತಿದಲ್ಲಿ ಮೂರೂ ಕಡೆ ನಂಬರ್ ಒಂದೇ ಆಗಿರಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದ ಲೇಬಲಿನಲ್ಲಿ ಅದು ತಯಾರಾದ ಕಾಲ ಕಾಣಬಹುದು. ಅದು ಆರ್‌ಸಿಯ ಇಸವಿಗೆ ಹೊಂದಬೇಕು. ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಕಂಡರೆ ನೆರೆಯಲ್ಲಿ ಮುಳುಗಿದ ಕಾರು ಎಂದೇ ತಿಳಿಯಿರಿ.

ಮಂಗಳೂರಿನ ಕೆಎ-19 ನಂಬರಿನ ಕಾರನ್ನು ತಲಪಾಡಿ ಗಡಿ ದಾಟಿಸಿ ಇಲ್ಲೇ ಇಟ್ಟುಕೊಳ್ಳುವುದಾದರೆ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕಾಸರಗೋಡಿನ ಕೆಎಲ್-14 ನಂಬರ್ ಮಾಡಿಸಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹೊರರಾಜ್ಯದ ನಂಬರಿನಲ್ಲೇ ಇಡುವಂತಿಲ್ಲ. ಕೇರಳದ ತೆರಿಗೆ ಲೆಕ್ಕವಾಗುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ಕಡಿತ ಮಾಡಿ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಹದಿನೈದು ವರ್ಷ ತುಂಬಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಿಂದ ಶುಲ್ಕ 5,000 ರೂಪಾಯಿ. ಆಮದು ಕಾರಿಗೆ 40,000. ಇಪ್ಪತ್ತು ದಾಟಿದರೆ 2025ರ ಹೊಸ ಆದೇಶದಂತೆ 80,000. ಸಿವಿಕ್ ಹೈಬ್ರಿಡ್‌ಗಳು, ಮೊದಲ ಪ್ರಿಯಸ್‌ಗಳು ಈಗ ಈ ಲೆಕ್ಕಕ್ಕೆ ಬಂದಿವೆ. ಅಗ್ಗವಾಗಿ ಸಿಗುತ್ತಿರುವುದೂ ಅದಕ್ಕೇ. ಇಷ್ಟನ್ನು ನಮ್ಮ ಆರ್‌ಟಿಒ ಕಚೇರಿ ಒಂದು ಕನ್ನಡ ಫಲಕದಲ್ಲಿ ಬರೆದು ಹಾಕಿದರೆ ಎಷ್ಟೋ ಜನ ಏಜೆಂಟರ ಕೈಗೆ ಸಿಗುವುದು ತಪ್ಪುತ್ತದೆ.

ಇನ್ನು ಉಳಿತಾಯ. ವರ್ಷಕ್ಕೆ 12,000 ಕಿ.ಮೀ. ಓಡುವವರಿಗೆ 14 ಕಿ.ಮೀ. ಕೊಡುವ ಪೆಟ್ರೋಲು ಕಾರಿನಲ್ಲಿ 857 ಲೀಟರ್ ಬೇಕು, 20 ಕೊಡುವ ಹೈಬ್ರಿಡ್‌ನಲ್ಲಿ 600. ಲೀಟರಿಗೆ 105 ರೂಪಾಯಿ ಎಂದಿಟ್ಟರೆ ಉಳಿಯುವುದು ಸುಮಾರು 27,000. ಅದೂ ನಿಂತು ನಿಂತು ಸಾಗುವ ಪೇಟೆಯ ಓಡಾಟದಲ್ಲಿ. ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಹಿಂದಕ್ಕೆ ಪಡೆಯುವುದರಲ್ಲೇ ಹೈಬ್ರಿಡ್‌ನ ಲಾಭ ಇರುವುದು. ಚತುಷ್ಪಥದಲ್ಲಿ ಒಂದೇ ವೇಗದಲ್ಲಿ ಮಂಗಳೂರಿಗೆ ಹೋಗಿ ಬರುವವರಿಗೆ ಆ ಲಾಭ ತೆಳ್ಳಗಾಗುತ್ತದೆ.

ಈಗ ಬ್ಯಾಟರಿ. 2010ರ ಪ್ರಿಯಸ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್, 7.2 ವೋಲ್ಟಿನ 28 ಮಾಡ್ಯೂಲು (ಬಿಡಿ ಬ್ಯಾಟರಿ ತುಂಡು), ಒಟ್ಟು 201.6 ವೋಲ್ಟ್. ಕಂಪ್ಯೂಟರ್ ಅದನ್ನು ಎರಡೆರಡರ 14 ಬ್ಲಾಕುಗಳಾಗಿ ಓದುತ್ತದೆ. ಕಾರಿನ ಕಂಪ್ಯೂಟರನ್ನು ಓದುವ ಅಗ್ಗದ ಬ್ಲೂಟೂತ್ ಒಬಿಡಿ ಸಾಧನವೊಂದನ್ನು ಸಿಕ್ಕಿಸಿ, ಮೊಬೈಲಿನ ಆ್ಯಪ್‌ನಲ್ಲಿ ಬ್ಲಾಕ್ ವೋಲ್ಟೇಜ್ ತೆರೆದು ಚೆರ್ಕಳದಿಂದ ಬದಿಯಡ್ಕದ ಕಡೆಗೆ ಏರು ಇಳಿತದಲ್ಲಿ ಓಡಿಸಿ. ಏರಿನಲ್ಲಿ ಜೋರಾಗಿ ಒತ್ತಿದಾಗ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬ್ಲಾಕಿನ ನಡುವೆ 0.3 ವೋಲ್ಟಿನೊಳಗಿನ ಅಂತರ ಇದ್ದರೆ ಒಳ್ಳೆಯದು. ಒಂದು ವೋಲ್ಟ್ ಹತ್ತಿರ ಬಂದರೆ ಬ್ಯಾಟರಿ ಸೋತಿದೆ ಎನ್ನುವ ಪಿ0ಎ80 ಎಂಬ ದೋಷಸಂಕೇತ ಬರಲು ಹೆಚ್ಚು ದಿನ ಬೇಡ. ಪರದೆಯ ಮೇಲಿನ ಚಾರ್ಜ್ ಗೆರೆಗಳು ಒಂದು ಏರಿನಲ್ಲಿ ಸರ್ರನೆ ಇಳಿದು, ಒಂದು ಇಳಿಜಾರಿನಲ್ಲಿ ಪೂರ್ತಿ ತುಂಬಿದರೆ ಬ್ಯಾಟರಿಯ ಹೊಟ್ಟೆ ಕುಗ್ಗಿದೆ ಎಂದರ್ಥ. ಆ್ಯಪ್‌ನಲ್ಲಿ ‘ರೆಡಿನೆಸ್’, ಅಂದರೆ ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ, ಕೂಡ ನೋಡಿ. ಹೆಚ್ಚಿನವು ಅಪೂರ್ಣ ಎಂದು ತೋರಿಸಿದರೆ ಯಾರೋ ಇತ್ತೀಚೆಗೆ ದೋಷಸಂಕೇತಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ತಂತಿ ಕಳಚಿದ್ದಾರೆ. ‘ಒಂದೆರಡು ಮಾಡ್ಯೂಲ್ ಮಾತ್ರ ಹೊಸದು ಹಾಕಿದ್ದೇವೆ’ ಎನ್ನುವವರನ್ನು ನಂಬಬೇಡಿ. ಹಳೆಯವುಗಳ ನಡುವೆ ಹೊಸದು ಸೇರಿದಾಗ ಹೊರೆ ಸಮವಾಗಿ ಹಂಚಿಹೋಗದೆ ಮತ್ತೊಂದು ಬೇಗ ಸೋಲುತ್ತದೆ.

ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇರುತ್ತದೆ. ಬ್ಯಾಟರಿ ಉಸಿರಾಡುವುದು ಅದರ ಮೂಲಕ. ಮುರಕಲ್ಲಿನ ಕೆಂಪು ಧೂಳು ಅಲ್ಲಿಂದ ಫ್ಯಾನಿಗೆ ಮೆತ್ತಿಕೊಂಡರೆ ಗಾಳಿ ನಿಂತು ಬ್ಯಾಟರಿ ಬಿಸಿಯಾಗಿ ಸಾಯುತ್ತದೆ. ಫ್ಯಾನ್ ಬಿಚ್ಚಿ ಬ್ರಷ್ ಹೊಡೆಯುವುದು ಸಣ್ಣ ಕೆಲಸ, ಆದರೆ ಮಾಡಿಸಿದವರು ಕಡಿಮೆ. ಸಮುದ್ರದ ಉಪ್ಪುಗಾಳಿಗೆ ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಹಸಿರುಗಟ್ಟುವುದೂ ಇದೆ. ಆಗ ಒಳ್ಳೆಯ ಬ್ಯಾಟರಿಯೂ ಕೆಟ್ಟದ್ದರಂತೆ ಓದುತ್ತದೆ.

ಆ ಪ್ರಿಯಸ್‌ನ 1.8 ಲೀಟರ್ ಎಂಜಿನ್ನಿನ ದೌರ್ಬಲ್ಯ ಇಜಿಆರ್ ಕೂಲರ್, ಅಂದರೆ ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ. ಹೊಗೆಯ ಮಸಿಯಿಂದ ಅದು ಕಟ್ಟಿಕೊಂಡರೆ ಸಿಲಿಂಡರುಗಳಿಗೆ ಮರಳುವ ಹೊಗೆ ಸಮನಾಗಿ ಹಂಚಿಹೋಗದೆ, ಉರಿಯುವ ಶಾಖ ಏರಿ, ಕೊನೆಗೆ ಸಿಲಿಂಡರುಗಳ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಲಕ್ಷ ಕಿ.ಮೀ. ಹೊತ್ತಿಗೆ ಕೂಲರನ್ನೂ ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಬಿಚ್ಚಿ ತೊಳೆದಿರಬೇಕು, ಬಿಲ್ಲು ಕೇಳಿ. ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಲಿ. ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ಮರುದಿನ ಬರುತ್ತೇನೆಂದು ಹೇಳಿ. ಮೊದಲ ಸಲ ಎಂಜಿನ್ ಹತ್ತಿದಾಗ ಕೆಲವು ಕ್ಷಣ ಗಡಗಡ ನಡುಗಿ ಸರಿಯಾಯಿತು ಎಂದರೆ ಗ್ಯಾಸ್ಕೆಟ್ ದಾಟಿ ಸಿಲಿಂಡರಿಗೆ ಕೂಲಂಟ್ (ತಣಿಸುವ ದ್ರವ) ಇಳಿಯುತ್ತಿರುವ ಶಂಕೆ ಬಲವಾಗಿದೆ. ಬಿಸಿ ಎಂಜಿನ್ನಿನಲ್ಲಿ ಈ ನಡುಕ ಕಾಣುವುದೇ ಇಲ್ಲ.

ಈ ಕಾರಿನ ಬ್ರೇಕು ಸಾಮಾನ್ಯ ಕಾರಿನಂತೆ ನಿರ್ವಾತದ ಬೂಸ್ಟರಿನದ್ದಲ್ಲ. ವಿದ್ಯುತ್ ಪಂಪು ಒತ್ತಡ ತುಂಬಿ ಅಕ್ಯುಮುಲೇಟರ್ ಎಂಬ ಪಾತ್ರೆಯಲ್ಲಿ ಇಟ್ಟುಕೊಳ್ಳುತ್ತದೆ. ಕಾರು ಹೊರಡಲು ಸಿದ್ಧ ಎನ್ನುವ ‘ರೆಡಿ’ ದೀಪ ಬಂದ ಮೇಲೆ ಪೆಡಲ್ ಮುಟ್ಟದೆ ಸುಮ್ಮನೆ ಕುಳಿತು ಕೇಳಿ. ಕೆಲವೇ ಸೆಕೆಂಡಿಗೊಮ್ಮೆ ‘ಝರ್ರ್’ ಎಂದು ಪಂಪು ಓಡುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಆ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ, ಬದಲಿಸಿದ ಮೇಲೆ ಸ್ಕ್ಯಾನರಿನಿಂದಲೇ ಗಾಳಿ ತೆಗೆಯಬೇಕು. ಸಾಮಾನ್ಯ ಗ್ಯಾರೇಜಿನ ಕೆಲಸ ಅಲ್ಲ. ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ತಕ್ಕಂತೆ ಬದಲಿಸುವ ಇನ್ವರ್ಟರಿಗೆ ಬೇರೆಯೇ ಕೂಲಂಟ್ ಡಬ್ಬಿ, ಬೇರೆಯೇ ಪಂಪು. ‘ರೆಡಿ’ಯಲ್ಲಿರುವಾಗ ಮುಚ್ಚಳ ತೆಗೆದು ಇಣುಕಿದರೆ ದ್ರವ ಸುಳಿಯುತ್ತಿರಬೇಕು. ನಿಶ್ಚಲವಾಗಿದ್ದರೆ ಪಂಪು ಸತ್ತಿದೆ.

ಎ.ಸಿ. ಬಗ್ಗೆ ಒತ್ತಿ ಹೇಳಬೇಕು. ಪ್ರಿಯಸ್‌ನ ಕಂಪ್ರೆಸರ್ ಬೆಲ್ಟಿನದ್ದಲ್ಲ, ದೊಡ್ಡ ಬ್ಯಾಟರಿಯ ವೋಲ್ಟೇಜಿನಲ್ಲಿ ಓಡುವ ಮೋಟರು. ಅದರ ಸುರುಳಿ ಎಣ್ಣೆಯಲ್ಲೇ ಮುಳುಗಿರುತ್ತದೆ. ಅದಕ್ಕೆ ವಿದ್ಯುತ್ ಹರಿಸದ ಎನ್‌ಡಿ-11 ಎಣ್ಣೆಯೇ ಬೇಕು. ಗ್ಯಾಸ್ ತುಂಬಿಸುವಾಗ ಎಲ್ಲ ಕಾರಿಗೂ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ವಿದ್ಯುತ್ ಕಾರಿನ ಮೈಗೆ ಸೋರತೊಡಗಿ ಪಿ0ಎಎ6 ದೋಷಸಂಕೇತ ಬರುತ್ತದೆ, ಮುಂದೆ ಕಾರು ‘ರೆಡಿ’ಗೇ ಬಾರದು. ಎ.ಸಿ. ಕೆಲಸ ಯಾರು ಮಾಡಿದರು, ಯಾವ ಎಣ್ಣೆ ಹಾಕಿದರು ಎಂದು ಕೇಳಿದಾಗ ಉತ್ತರ ತಡವರಿಸಿದರೆ ಎಚ್ಚರ.

ನಮ್ಮಲ್ಲಿ ‘ಮಾಲೀಕ ಗಲ್ಫಿನಲ್ಲಿ, ಕಾರು ಓಡಿದ್ದೇ ಕಡಿಮೆ’ ಎಂಬುದು ದೊಡ್ಡ ಹೆಗ್ಗಳಿಕೆ. ಹೈಬ್ರಿಡ್‌ಗೆ ಅದು ತಿರುಗುಮುರುಗು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಮಾಡ್ಯೂಲುಗಳು ಒಂದೊಂದು ಮಟ್ಟಕ್ಕೆ ಇಳಿದು ಸಮತೋಲ ತಪ್ಪುತ್ತವೆ, ಮಳೆಗಾಲದಲ್ಲಿ ಇಲಿಗಳು ತಂತಿ ಕಡಿಯುತ್ತವೆ. ಹತ್ತು ವರ್ಷದಲ್ಲಿ 30,000 ಓಡಿದ್ದಕ್ಕಿಂತ ದಿನಾ ಓಡಿ ಲಕ್ಷ ದಾಟಿದ ಕಾರಿನ ಬ್ಯಾಟರಿ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಕೊಂಡ ಮೇಲೆ ನೀವೂ ಗಲ್ಫಿಗೆ ಹೋಗುವುದಾದರೆ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ.

ಇಷ್ಟೆಲ್ಲ ನೋಡಿದರೆ, ಆಮದು ಹೆಸರಿನ ಮೋಹ ಬಿಟ್ಟು 2013ರಿಂದ ಬಿಡದಿಯಲ್ಲೇ ಜೋಡಿಸಿದ ಕ್ಯಾಮ್ರಿ ಹೈಬ್ರಿಡ್ ನೋಡುವುದೇ ಲೇಸು. ಬಿಡಿಭಾಗಕ್ಕೆ ಕಾಯುವುದು ಕಡಿಮೆ, ಆಮದು ಕಾರಿನ ನವೀಕರಣ ಶುಲ್ಕದ ತಲೆನೋವೂ ಇಲ್ಲ. ಪ್ರಿಯಸ್ಸೇ ಬೇಕೆಂದಾದರೆ ಮುಂಗಡ ಕೊಡುವ ಮುನ್ನ ಬ್ಯಾಟರಿ ಮತ್ತು ಬ್ರೇಕ್ ಜೋಡಣೆ ಎರಡಕ್ಕೂ ಡೀಲರಿನಿಂದ ಬರವಣಿಗೆಯಲ್ಲಿ ದರ ತರಿಸಿ, ಆ ಮೊತ್ತವನ್ನು ಮುಂದಿಟ್ಟು ಚೌಕಾಶಿ ಮಾಡಿ. ರಿಪೇರಿಗೆ ಕೊಡುವ ಗ್ಯಾರೇಜಿನಲ್ಲಿ 1,000 ವೋಲ್ಟಿನ ರಬ್ಬರ್ ಕೈಗವಸು ಇದೆಯೇ ನೋಡಿ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯದೆ ಇನ್ವರ್ಟರಿಗೆ ಕೈ ಹಾಕುವ ಮೆಕ್ಯಾನಿಕ್ ಆಗಿದ್ದರೆ ಕಾರನ್ನು ಅಲ್ಲಿಂದ ವಾಪಸು ತನ್ನಿ.

– ಒಬ್ಬ ವಾಹನ ತಂತ್ರಜ್ಞ, ಕುಂಬಳೆ