ಬೇತ್ ಲಾಹಿಯಾದ ಹೊಲಗಳು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೇಗಿದ್ದೀಯಾ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. "ಕದನವಿರಾಮ ಆಯ್ತಲ್ಲ, ಇನ್ನೂ ಯಾಕೆ ಗಾಜಾ ಗಾಜಾ ಅಂತೀಯಾ?" ಅಂತ ನೀನು ಫೋನಿನಲ್ಲಿ ಕೇಳಿದೆ. ಆಗ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಡೀ ಗಾಜಾದ ಮಾತು ಬೇಡ, ಒಂದು ಊರು ಸಾಕು. ನೀನು ಬೇಸಾಯದ ಮನೆಯವನು, ನಿನಗೆ ಬೇಗ ಅರ್ಥ ಆಗುತ್ತದೆ.

ಊರಿನ ಹೆಸರು ಬೇತ್ ಲಾಹಿಯಾ. ಗಾಜಾದ ಉತ್ತರದ ತುದಿಯಲ್ಲಿದೆ. ಮರಳು ಮಣ್ಣು. ಬಾವಿ ನೀರು ಗಾಜಾದ ಉಳಿದ ಕಡೆಗಿಂತ ಸಿಹಿ. ಹಾಗಾಗಿ ಸ್ಟ್ರಾಬೆರಿ ಅಲ್ಲಿ ಚೆನ್ನಾಗಿ ಬರುತ್ತಿತ್ತು, ಯುರೋಪಿಗೂ ಹೋಗುತ್ತಿತ್ತು. ಕೆಂಪು ಚಿನ್ನ ಅಂತಲೇ ಅಲ್ಲಿನವರು ಕರೆಯುತ್ತಾರೆ. ಯುದ್ಧಕ್ಕೆ ಮೊದಲೂ ಸುಖ ಇರಲಿಲ್ಲ ಬಿಡು. 2007ರಲ್ಲಿ ಇಸ್ರೇಲಿನ ದಿಗ್ಬಂಧನ ಶುರುವಾದ ಮೇಲೆ ಎಷ್ಟೋ ಸಲ ಹಣ್ಣು ಗಡಿ ದಾಟಲೇ ಇಲ್ಲ. ಗಡಿಬೇಲಿಯಿಂದ 300 ಮೀಟರ್ ಒಳಗಿನ ಹೊಲಕ್ಕೆ ಕಾಲಿಟ್ಟರೆ ಗುಂಡೇಟಿನ ಭಯ.

ಸ್ಟ್ರಾಬೆರಿ ಸಸಿ ನೆಡುವುದು ಸೆಪ್ಟೆಂಬರ್ ಹೊತ್ತಿಗೆ. ಏರುಮಡಿ ಮಾಡಿ, ಡ್ರಿಪ್ ಪೈಪು ಎಳೆದು ಕೂರಿಸುತ್ತಾರೆ. ಮೊದಲ ಕೆಲವು ವಾರ ನೀರು ತಪ್ಪಿಸುವ ಹಾಗೇ ಇಲ್ಲ. ಡಿಸೆಂಬರ್‌ ಹೊತ್ತಿಗೆ ಕೊಯ್ಲು ಶುರುವಾಗಿ ಮಾರ್ಚ್‌ವರೆಗೂ ನಡೆಯುತ್ತದೆ.

ಈಗ 2023ರ ಅಕ್ಟೋಬರ್ 7ನ್ನು ನೆನಪಿಸಿಕೋ. ಗಾಜಾವನ್ನು ಆಳುತ್ತಿದ್ದ ಹಮಾಸ್‌ನವರು ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು, ಸುಮಾರು 250 ಜನರನ್ನು ಒತ್ತೆಯಾಗಿ ಎಳೆದುಕೊಂಡು ಹೋದರು. ಸತ್ತವರಲ್ಲಿ ನೆತಿವ್ ಹಾಸಾರಾ ಊರಿನವರೂ ಇದ್ದರು. ಅದೂ ಬೇಸಾಯದ ಊರೇ, ಬೇತ್ ಲಾಹಿಯಾಕ್ಕೆ ಹತ್ತಿರ, ಗಡಿಯ ಆಚೆ ಬದಿ. ಆ ಸಾವುಗಳನ್ನು ಬಿಟ್ಟು ಈ ಪತ್ರ ಬರೆಯಲು ನನಗೆ ಮನಸ್ಸಿಲ್ಲ.

ಆ ಹೊತ್ತಿಗೆ ಬೇತ್ ಲಾಹಿಯಾದ ಸಸಿಗಳು ಬೇರು ಹಿಡಿಯುತ್ತಿದ್ದವು, ಅಷ್ಟೇ. ಬಾಂಬು ಬೀಳತೊಡಗಿತು. ಕರೆಂಟ್ ಹೋಯಿತು, ಡೀಸೆಲ್ ಬರಲಿಲ್ಲ, ಪಂಪುಗಳು ನಿಂತವು. ಉತ್ತರದವರೆಲ್ಲ ದಕ್ಷಿಣಕ್ಕೆ ಹೋಗಿ ಅಂತ ಇಸ್ರೇಲ್ ಸೇನೆ ಹೇಳಿತು. ನೆಟ್ಟ ಹೊಲವನ್ನು ಹಾಗೇ ಬಿಟ್ಟು ಹೊರಡಬೇಕು ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಒಂದು ಬೆಳೆ ಹೋಯಿತು, ಬರುವ ವರ್ಷ ನೋಡೋಣ ಅನ್ನುವಂತೆಯೂ ಇಲ್ಲ. ಸ್ಟ್ರಾಬೆರಿಗೆ ತಾಯಿಗಿಡ ಬೇಕು. ಅದರಿಂದ ಬಳ್ಳಿಯ ಹಾಗೆ ಕುಡಿ ಹರಿಯುತ್ತದೆ, ಕುಡಿ ನೆಲ ಮುಟ್ಟಿದ ಕಡೆ ಹೊಸ ಸಸಿ. ಆ ತಾಯಿಗಿಡಗಳು ಬರುತ್ತಿದ್ದದ್ದೇ ಇಸ್ರೇಲಿನಿಂದ. ಗಡಿ ಮುಚ್ಚಿತು, ಮೂಲವೇ ಹೋಯಿತು. ಓಡಿಹೋದ ಕೆಲವು ರೈತರು ದಕ್ಷಿಣದ ಖಾನ್ ಯೂನಿಸ್ ಕಡೆ ಹೇಗೋ ಒಂದಿಷ್ಟು ಸಸಿ ಉಳಿಸಿ ಬೆಳೆದರಂತೆ. ಓದಿ ಕಣ್ಣು ತುಂಬಿ ಬಂತು ಕಣೋ.

2024ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಸೇನೆ ಉತ್ತರ ಗಾಜಾವನ್ನು ಮತ್ತೆ ಸುತ್ತುವರಿಯಿತು. ಆ ತಿಂಗಳ 29ರಂದು ಬೇತ್ ಲಾಹಿಯಾದ ಒಂದೇ ಕಟ್ಟಡದ ಮೇಲಿನ ದಾಳಿಯಲ್ಲಿ 90ಕ್ಕೂ ಹೆಚ್ಚು ಜನ ಸತ್ತರು ಎಂದು ಗಾಜಾದ ಆರೋಗ್ಯ ಇಲಾಖೆ ಹೇಳಿತು. ಡಿಸೆಂಬರ್ ಕೊನೆಗೆ ಊರಿನ ಕಮಾಲ್ ಅದ್ವಾನ್ ಆಸ್ಪತ್ರೆಯೂ ನಿಂತುಹೋಯಿತು. ಇಷ್ಟಾದ ಮೇಲೂ 2025ರ ಮಾರ್ಚ್‌ನಲ್ಲಿ ಇದೇ ಊರಿನ ನೂರಾರು ಜನ ಬೀದಿಗಿಳಿದರು. ಯುದ್ಧ ನಿಲ್ಲಿಸಿ ಅಂದರು, ಹಮಾಸ್ ತೊಲಗಲಿ ಅಂತಲೂ ಕೂಗಿದರು. ಎರಡೂ ಕಡೆಯ ಬಂದೂಕಿನ ಮುಂದೆ ನಿಂತು ಹಾಗೆ ಕೂಗಲು ಎಂಥ ಎದೆ ಬೇಕು ನೋಡು. ನಮ್ಮ ಪೇಪರುಗಳಲ್ಲಿ ಇದು ಇನ್ನೂ ಜಾಸ್ತಿ ಬರಬೇಕಿತ್ತು ಅನ್ನಿಸುತ್ತದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದೆ. 2025ರ ಏಪ್ರಿಲ್ ಹೊತ್ತಿಗೆ ಗಾಜಾದ 80%ಕ್ಕೂ ಹೆಚ್ಚು ಸಾಗುವಳಿ ಭೂಮಿ ಹಾಳಾಗಿತ್ತು. ಕೃಷಿ ಬಾವಿಗಳ ಕಥೆಯೂ ಅಷ್ಟೇ. ರೈತರು ಹೋಗಿ ಉಳಬಹುದಾದ ನೆಲ ಆಗ 5%ಕ್ಕಿಂತ ಕಡಿಮೆ ಇತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕದನವಿರಾಮ ಆಯಿತು ನಿಜ. ಆದರೆ ಗಾಜಾದ ಅರ್ಧಕ್ಕಿಂತ ಹೆಚ್ಚು ಭಾಗ ಇಸ್ರೇಲ್ ಸೇನೆಯ ಕೈಯಲ್ಲೇ ಉಳಿಯಿತು. ಗಡಿಯ ಪಕ್ಕದ ಹೊಲಗಳೆಲ್ಲ ಅದರಲ್ಲೇ ಬರುತ್ತವೆ. ಕೈಗೆ ಸಿಕ್ಕ ಹೊಲದಲ್ಲೂ ಸಿಡಿಯದ ಬಾಂಬುಗಳಿವೆ, ಅವನ್ನು ತೆಗೆಯದೆ ಗುದ್ದಲಿ ಹಾಕುವ ಹಾಗಿಲ್ಲ.

ನಿಮ್ಮಪ್ಪ ಜೆಸಿಬಿ ತರಿಸಿ ಮೇಲಿನ ಹೊಲ ಸಮ ಮಾಡಿಸಿದ್ದು ನೆನಪಿದೆಯಲ್ವಾ? ಮೇಲ್ಮಣ್ಣೆಲ್ಲ ಅಡಿಗೆ ಹೋಗಿ ಬೆಳೆ ಬರದೆ ಒದ್ದಾಡಿದ್ದರು. ಬೇತ್ ಲಾಹಿಯಾದಲ್ಲಿ ಬುಲ್ಡೋಜರ್ ಮತ್ತು ಟ್ಯಾಂಕ್ ಹರಿದಿವೆ. ನಿಮ್ಮ ಆ ಮೇಲಿನ ಹೊಲ ಮತ್ತೆ ಹದಕ್ಕೆ ಬರಲು ಎಷ್ಟು ವರ್ಷ ಹಿಡಿಯಿತು, ಗೊಬ್ಬರ ಏನು ಹಾಕಿದರು ಅಂತ ಅವರನ್ನು ಕೇಳಿ ಬರೆ.

ನಿನ್ನ ಗೆಳೆಯ